ಕಾಫಿ ತೋಟದ ದೊರೆಗಳೂ ಬಯಲುಸೀಮೆಯ ಕೂಲಿಗಳೂ

(ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರಿನ ಅಭ್ಯಾಸ ವರ್ಗಗಳಲ್ಲಿ ಮಾಡಿದ ಭಾಷಣ)



ಬ್ರಿಟಿಷರ ಕಾಲದ ಟೀ ತೋಟಗಳ ಚರಿತ್ರೆಯನ್ನೂ ಅವುಗಳ ಒಡೆಯರ ಚರಿತ್ರೆಯನ್ನೂ ಹೇಳಬೇಕೆಂದು ನನ್ನನ್ನು ಕರೆದಿದ್ದೀರಿ. ನಮ್ಮ ಕನ್ನಡನಾಡಿನಲ್ಲಿ ಟೀ ತೋಟಗಳು ಬೆರಳೆಣಿಕೆಯಷ್ಟು. ಚಿಕ್ಕಮಗಳೂರು ಜಿಲ್ಲೆಯ ಕೆಳಗೂರು, ಸಕಲೇಶಪುರದ ಕಡಮನೆ, ಕೊಡಗಿನ ಗ್ಲೆನ್‌ಲೋರ್ನ, ಹೀಗೆ ಹೆಸರು ಹಿಡಿದು ಹೇಳಿ ಮುಗಿಸಬಹುದು. ನಮ್ಮ ನಾಡಿನಲ್ಲಿ ಬಿಳಿಯ ಪ್ಲಾಂಟರು ಬೇರೂರಿದ್ದು ಕಾಫಿಯಲ್ಲಿ. ಆದುದರಿಂದ ನನ್ನ ಮಾತು ಹೆಚ್ಚಾಗಿ ಕಾಫಿಯ ಮಾತು. ಟೀ ತೋಟದ ಕತೆ ನಡುವೆ ಬರುತ್ತದೆ, ಏಕೆಂದರೆ ಎರಡು ತೋಟಗಳೂ ನಡೆದದ್ದು ಒಂದೇ ಕಾಯ್ದೆಯ ಬಲದಿಂದ, ಒಂದೇ ಬಗೆಯ ಕೂಲಿಯಿಂದ.

ನೀವು ಕೇಳಬಹುದು: ನಮ್ಮ ಈ ನಾಲ್ಕು ಊರುಗಳಲ್ಲಿ ಕಾಫಿಯೂ ಇಲ್ಲ, ಟೀಯೂ ಇಲ್ಲ. ಚನ್ನಗಿರಿಗೆ ಅಡಿಕೆ, ಹೊನ್ನಾಳಿಗೆ ಭತ್ತ, ನ್ಯಾಮತಿಗೆ ಮೆಕ್ಕೆಜೋಳ, ಜಗಳೂರಿಗೆ ಬರ. ನಮಗೇಕೆ ಈ ಚರಿತ್ರೆ? ಉತ್ತರ ಸರಳವಾಗಿದೆ. ನಮ್ಮ ಸೀಮೆಯಲ್ಲಿ ಕಾಫಿ ಬೆಳೆಯದಿದ್ದರೂ ಕಾಫಿ ಕುಯ್ಯುವ ಕೈಗಳು ಬೆಳೆಯುತ್ತವೆ. ಮಲೆನಾಡಿನ ತೋಟಗಳು ನೂರೈವತ್ತು ವರ್ಷಗಳಿಗೂ ಮಿಕ್ಕಿ ಬಯಲುಸೀಮೆಯ ಹಸಿವನ್ನು ನಂಬಿ ನಡೆದಿವೆ. ಕಾರ್ತಿಕ ಕಳೆದು ಹೊಲದ ಕೆಲಸ ಮುಗಿದ ಮೇಲೆ ತಾಂಡಾಗಳಲ್ಲಿ, ಕೇರಿಗಳಲ್ಲಿ ಎಷ್ಟು ಮನೆಗಳಿಗೆ ಬೀಗ ಬೀಳುತ್ತದೆಂಬುದನ್ನು ನೀವು ನನಗಿಂತ ಚೆನ್ನಾಗಿ ಬಲ್ಲಿರಿ. ಆ ಬೀಗದ ಚರಿತ್ರೆಯನ್ನೇ ಇಂದು ಹೇಳುತ್ತೇನೆ.

ನೆಲ ಕೈಬದಲಾದ ಬಗೆ

ಕಾಫಿ ಬೀಜವನ್ನು ನಮ್ಮ ನಾಡಿಗೆ ತಂದವನು ಇಂಗ್ಲಿಷನಲ್ಲ. ಬಾಬಾ ಬುಡನ್ ಎಂಬ ಸೂಫಿ ಸಂತರು ಹದಿನೇಳನೆಯ ಶತಮಾನದಲ್ಲಿ ಯೆಮನ್ ದೇಶದಿಂದ ಏಳು ಬೀಜ ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂದು ಐತಿಹ್ಯ. ಬಹುಕಾಲ ಅದು ಹಿತ್ತಲ ಗಿಡವಾಗಿತ್ತು. ಮನೆಯ ಹಿಂದೆ, ಮರದ ನೆರಳಿನಲ್ಲಿ, ಏಲಕ್ಕಿ ಮೆಣಸಿನ ಜೊತೆಗೆ ರೈತ ನಾಲ್ಕು ಗಿಡ ಬೆಳೆಯುತ್ತಿದ್ದ. ಸರ್ಕಾರಕ್ಕೆ ಬೆಳೆಯ ಪಾಲು ಕೊಡುತ್ತಿದ್ದ. ಸಾವಿರ ಎಕರೆಯ ಎಸ್ಟೇಟು, ಬಂಗಲೆ, ಲೈನು ಮನೆ, ಮೇಸ್ತ್ರಿ, ಚೆಕ್‌ರೋಲು, ಇವೆಲ್ಲ ಬಂದದ್ದು ಕಂಪೆನಿ ಸರ್ಕಾರದ ಜೊತೆಗೆ.

ಬಂದ ಕಾಲವನ್ನು ಗಮನಿಸಿರಿ. ೧೮೩೦ ರಲ್ಲಿ ನಗರ ಸೀಮೆಯ ರೈತರು ಕಂದಾಯದ ಹಿಂಸೆಯನ್ನು ತಾಳಲಾರದೆ ದಂಗೆಯೆದ್ದರು. ಆಗ ಹೊನ್ನಾಳಿ ಇದ್ದದ್ದು ಆ ನಗರ ಫೌಜುದಾರಿಯಲ್ಲಿಯೇ. ದಂಗೆಯನ್ನು ಅಡಗಿಸಿದ ಇಂಗ್ಲಿಷರು ಅದನ್ನೇ ನೆಪ ಮಾಡಿಕೊಂಡು ೧೮೩೧ ರಲ್ಲಿ ಮೈಸೂರಿನ ಆಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡರು. ಮುಂದಿನ ೫೦ ವರ್ಷ ಮೈಸೂರನ್ನು ಆಳಿದವರು ಕಮಿಷನರುಗಳು. ಹೆಚ್ಚು ಕಡಿಮೆ ಅದೇ ಹೊತ್ತಿನಲ್ಲಿ, ೧೮೩೦ ರ ಸುಮಾರಿಗೆ, ಕ್ಯಾನನ್ ಎಂಬ ಸಾಹೇಬನು ಬಾಬಾ ಬುಡನ್ ಗಿರಿಯ ದಕ್ಷಿಣದ ಎತ್ತರದಲ್ಲಿ ಕಾಫಿ ತೋಟ ಹಾಕಿದನು. ಮೈಸೂರಿನಲ್ಲಿ ಯೂರೋಪಿಯನರ ಮೊದಲ ತೋಟ ಅದು. ಅದು ಫಲ ಕೊಟ್ಟಿತು. ಅದನ್ನು ಕಂಡು ೧೮೪೩ ರಲ್ಲಿ ಫ್ರೆಡರಿಕ್ ಗ್ರೀನ್ ಎಂಬವನು ಮಂಜರಾಬಾದಿನ ಐಗೂರು ಕಡೆ ನೆಲ ಹಿಡಿದನು. ಮಂಜರಾಬಾದು ಎಂದರೆ ಇಂದಿನ ಸಕಲೇಶಪುರದ ಸೀಮೆ.

ಕೊಡಗಿನಲ್ಲಿಯೂ ಇದೇ ಕ್ರಮ. ೧೮೩೪ ರಲ್ಲಿ ಕಂಪೆನಿ ಕೊಡಗನ್ನು ವಶಪಡಿಸಿಕೊಂಡಿತು. ೧೮೫೪ ರಲ್ಲಿ ಫೌಲರ್ ಮಡಿಕೇರಿಯಲ್ಲಿ ತೋಟ ತೆರೆದನು. ಸಂಪಾಜೆ ಘಾಟಿಯಲ್ಲಿ ಮ್ಯಾನ್, ಪೆರಂಬಾಡಿ ಘಾಟಿಯಲ್ಲಿ ೧೮೫೬ ರಲ್ಲಿ ಡಾಕ್ಟರ್ ಮ್ಯಾಕ್ಸ್‌ವೆಲ್. ೧೮೫೭ ರಲ್ಲಿ ಬಾಸೆಲ್ ಮಿಷನ್ನಿನ ಪಾದ್ರಿ ಹರ್ಮನ್ ಆನಂದರಾವ್ ಕೌಂಡಿನ್ಯ ಆನಂದಪುರವೆಂಬ ಊರನ್ನೇ ಕಟ್ಟಿ ಕಾಫಿ ನೆಟ್ಟರು. ಮೊದಲು ಕತ್ತಿ, ಆಮೇಲೆ ಕಚೇರಿ, ಅದರ ಹಿಂದೆ ತೋಟ: ಎಲ್ಲ ಕಡೆಯೂ ಇದೇ ಸಾಲು.

ಸಾಹೇಬನಿಗೆ ಕಾಡು ಸಿಕ್ಕಿದ ಬೆಲೆ ಎಷ್ಟು? ನಗರದ ರೈತ ತನ್ನ ಗದ್ದೆಗೆ ಕೊಡುತ್ತಿದ್ದ ಕಂದಾಯದ ಭಾರವನ್ನು ಮನಸ್ಸಿನಲ್ಲಿಟ್ಟುಕೊಂಡು ಕೇಳಿರಿ. ಕೊಡಗಿನಲ್ಲಿ ಕಾಫಿಗೆಂದು ಪಡೆದ ಕಾಡಿಗೆ ಮೊದಲ ಕೆಲವು ವರ್ಷ ಕಂದಾಯವೇ ಇಲ್ಲ, ಆಮೇಲೆ ಎಕರೆಗೆ ಒಂದೆರಡು ರೂಪಾಯಿ. ಮೈಸೂರಿನಲ್ಲಿ ಹಿಂದೆ ಬೆಳೆಯಲ್ಲಿ ಪಾಲು ಎತ್ತುತ್ತಿದ್ದ ಸರ್ಕಾರ ಅದನ್ನು ಬಿಟ್ಟು ಮಣಕ್ಕಿಷ್ಟೆಂದು ‘ಹಾಲತ್’ ಸುಂಕ ಹಾಕಿತು. ಆ ಸುಂಕವನ್ನೂ ಮತ್ತೆ ಮತ್ತೆ ಇಳಿಸಿತು. ಬಂಜರೆಂದು ಬರೆದು ಕೊಟ್ಟ ಕಾಡು ನಿಜವಾಗಿ ಬಂಜರಾಗಿರಲಿಲ್ಲ. ಅಲ್ಲಿ ದನ ಮೇಯುತ್ತಿದ್ದವು. ಕುಮರಿ ಬೇಸಾಯ ನಡೆಯುತ್ತಿತ್ತು. ಜೇನು, ಸೌದೆ, ಸೊಪ್ಪು ಊರವರಿಗೆ ಸಿಗುತ್ತಿದ್ದವು. ಕಾಗದದ ಮೇಲೆ ಯಾರದೂ ಅಲ್ಲದ ನೆಲ ಬೇಲಿ ಬಿದ್ದ ಮೇಲೆ ದೊರೆಯದಾಯಿತು.

ಆ ದೊರೆಗಳು ಯಾರು?

ಇವರೆಲ್ಲ ಹುಟ್ಟು ಶ್ರೀಮಂತರಾಗಿರಲಿಲ್ಲ. ಇಂಗ್ಲೆಂಡು, ಸ್ಕಾಟ್ಲೆಂಡುಗಳಲ್ಲಿ ಪಿತ್ರಾರ್ಜಿತವೆಲ್ಲ ಹಿರಿಯ ಮಗನ ಪಾಲಾಗುತ್ತಿತ್ತು. ಕಿರಿಯ ಮಕ್ಕಳು ಹಡಗು ಹತ್ತುತ್ತಿದ್ದರು. ಸೈನ್ಯದಿಂದ ನಿವೃತ್ತರಾದ ಅಧಿಕಾರಿಗಳು, ಸಿಂಹಳದಲ್ಲಿ ತೋಟ ಮಾಡಿ ಕಲಿತವರು ಇವರೊಡನೆ ಸೇರಿಕೊಂಡರು. ಅವರಲ್ಲಿ ರಾಬರ್ಟ್ ಎಲಿಯಟ್ ಎಂಬವನನ್ನು ಮುಖ್ಯವಾಗಿ ಹೆಸರಿಸಬೇಕು. ಹುಡುಗನಾಗಿರುವಾಗಲೇ ೧೮೫೦ ರ ದಶಕದ ನಡುವೆ ಮಂಜರಾಬಾದಿಗೆ ಬಂದು ತೋಟ ಹಾಕಿದನು. ೧೮೭೧ ರಲ್ಲಿಯೂ ೧೮೯೪ ರಲ್ಲಿಯೂ ತನ್ನ ಅನುಭವಗಳನ್ನು ಪುಸ್ತಕವಾಗಿ ಬರೆದನು. ಮೈಸೂರಿನ ಪ್ರಜಾ ಪ್ರತಿನಿಧಿ ಸಭೆಯಲ್ಲಿ ಕುಳಿತು ಪ್ಲಾಂಟರ ಪರವಾಗಿ ವಾದಿಸಿದನು. ಊರವರೊಡನೆ ಬೆರೆತವನು, ನೆರಳು ಮರಗಳ ವಿಷಯ ಬಲ್ಲವನು, ಶ್ರಮಪಟ್ಟವನು. ನಾನು ಅದನ್ನು ಅಲ್ಲಗಳೆಯುವುದಿಲ್ಲ.

ಪ್ಲಾಂಟರು ಶ್ರಮಪಡಲಿಲ್ಲ ಎಂದು ಹೇಳಿದರೆ ಅದು ಸುಳ್ಳಾಗುತ್ತದೆ. ಮಲೆನಾಡಿನ ಚಳಿಜ್ವರದಲ್ಲಿ ಎಷ್ಟೋ ಬಿಳಿಯರು ಸತ್ತರು. ಸಕಲೇಶಪುರದ ಆಸ್ಪತ್ರೆಗೆ ಇಂದಿಗೂ ಕ್ರಾಫರ್ಡ್ ಎಂಬ ಪ್ಲಾಂಟರ ಹೆಸರಿದೆ. ಒಬ್ಬ ದೊರೆ ಒಳ್ಳೆಯವನಿದ್ದನೆ, ಕೆಟ್ಟವನಿದ್ದನೆ ಎಂಬುದು ಇಲ್ಲಿಯ ಪ್ರಶ್ನೆಯಲ್ಲ. ಅದೇ ಚಳಿಜ್ವರದಲ್ಲಿ ಲೈನು ಮನೆಗಳಲ್ಲಿ ಸತ್ತವರ ಹೆಸರು ಯಾವ ಕಲ್ಲಿನ ಮೇಲಿದೆ? ಬಿಳಿಯರ ಗೋರಿಗಳನ್ನು ಮಡಿಕೇರಿಯಲ್ಲಿ, ಚಿಕ್ಕಮಗಳೂರಿನಲ್ಲಿ ಹೋಗಿ ಓದಬಹುದು. ಕೂಲಿಯ ಹೆಸರು ಚೆಕ್‌ರೋಲಿನಲ್ಲಿತ್ತು. ಪುಸ್ತಕ ಮುಗಿದೊಡನೆ ಅದೂ ಹೋಯಿತು.

೧೮೯೩ ರಲ್ಲಿ ದಕ್ಷಿಣ ಭಾರತದ ಪ್ಲಾಂಟರ ಸಂಘಗಳೆಲ್ಲ ಬೆಂಗಳೂರಿನಲ್ಲಿ ಸೇರಿ ಒಂದು ಸಂಯುಕ್ತ ಸಂಘವನ್ನು ಕಟ್ಟಿಕೊಂಡವು. ‘ಉಪಾಸಿ’ ಎಂದು ಇಂದಿಗೂ ಕರೆಸಿಕೊಳ್ಳುವ ಸಂಘ ಅದೇ. ಗಿರಣಿ ಕೆಲಸಗಾರರಾದ ನೀವು ಈ ವರ್ಷವನ್ನು ಗುರುತಿಟ್ಟುಕೊಳ್ಳಿರಿ. ಕೂಲಿಗಾರನಿಗೆ ಯೂನಿಯನ್ ಎಂಬ ಮಾತೇ ಗೊತ್ತಿಲ್ಲದ ಕಾಲದಲ್ಲಿ ಒಡೆಯರ ಯೂನಿಯನ್ ತಯಾರಾಗಿತ್ತು. ಅದರ ಮುಂದಿದ್ದ ಪ್ರಶ್ನೆಗಳಲ್ಲಿ ದೊಡ್ಡದು ಕೂಲಿಯಾಳಿನ ಪ್ರಶ್ನೆ: ಆಳನ್ನು ಹೇಗೆ ತರುವುದು, ಬಂದವನನ್ನು ಹೇಗೆ ಹಿಡಿದಿಡುವುದು, ಒಬ್ಬ ದೊರೆಯ ಆಳನ್ನು ಇನ್ನೊಬ್ಬ ಸೆಳೆಯದಂತೆ ಹೇಗೆ ತಡೆಯುವುದು.

ಮುಂಗಡವೆಂಬ ಸರಪಳಿ

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಕಾಫಿ ಗಿಡಕ್ಕೆ ವರ್ಷವೆಲ್ಲ ಕೆಲಸವಿದೆ. ಕಳೆ, ಗುಂಡಿ, ಚಿಗುರು ತೆಗೆಯುವುದು, ಮರಗಸಿ. ಆದರೆ ಹಣ್ಣಿನ ಕಾಲದಲ್ಲಿ, ಅರೇಬಿಕಕ್ಕೆ ನವೆಂಬರಿನಿಂದ ಜನವರಿವರೆಗೆ, ರೊಬಸ್ಟಕ್ಕೆ ಅಲ್ಲಿಂದ ಮಾರ್ಚಿವರೆಗೆ, ಒಮ್ಮೆಗೇ ಹೆಚ್ಚು ಕೈ ಬೇಕು. ಕೈ ತಡವಾದರೆ ಹಣ್ಣು ನೆಲಕ್ಕೆ ಬೀಳುತ್ತದೆ. ಮಲೆನಾಡಿನಲ್ಲಿ ಜನ ವಿರಳ. ಇದ್ದ ರೈತನಿಗೆ ತನ್ನ ಗದ್ದೆಯುಂಟು. ಹಾಗಾದರೆ ಕೂಲಿ ಎಲ್ಲಿಂದ?

ಮೊದಲನೆಯದು, ಜೀತದಿಂದ. ಕೊಡಗಿನಲ್ಲಿ ಎರವರು, ಹೊಲೆಯರು ಜಮೀನಿನೊಡನೆ ಕೈಬದಲಾಗುತ್ತಿದ್ದ ಆಳುಗಳಾಗಿದ್ದರು. ೧೮೪೩ ರ ಕಾಯ್ದೆ ಗುಲಾಮಗಿರಿಗೆ ಕಾನೂನಿನ ಬೆಂಬಲವನ್ನು ತೆಗೆಯಿತು. ಆದರೆ ಆಳಿನ ಕೈಗೆ ನೆಲ ಕೊಡಲಿಲ್ಲ. ಹಳೆಯ ಒಡೆಯನ ಅಂಗಳದಿಂದ ಹೊರಟವನು ಹೊಸ ಒಡೆಯನ ಲೈನಿಗೆ ಬಂದು ನಿಂತನು.

ಎರಡನೆಯದು, ಕರಾವಳಿಯಿಂದ ಮತ್ತು ಬಯಲುಸೀಮೆಯಿಂದ. ಇದಕ್ಕೆ ಸಾಧನ ಮೇಸ್ತ್ರಿ. ದೊರೆ ಮೇಸ್ತ್ರಿಗೆ ಮುಂಗಡ ಹಣ ಕೊಡುವನು. ಮೇಸ್ತ್ರಿ ಬರದ ಹಳ್ಳಿಗಳಿಗೆ ಬರುವನು. ಮಗಳ ಮದುವೆಗೆ, ಸತ್ತ ಎತ್ತಿಗೆ, ಅಂಗಡಿಯ ಬಾಕಿಗೆ ಹತ್ತಿಪ್ಪತ್ತು ರೂಪಾಯಿ ಕೈಗಿಡುವನು. ಹೆಬ್ಬೆಟ್ಟು ಒತ್ತಿಸಿಕೊಳ್ಳುವನು. ಅಂದಿನಿಂದ ಆ ಸಂಸಾರ ಮೇಸ್ತ್ರಿಯ ಪಟ್ಟಿಯಲ್ಲಿ. ಕೂಲಿಯಿಂದ ಮೇಸ್ತ್ರಿಗೆ ಕಮಿಷನ್. ಅಕ್ಕಿ ಕೊಟ್ಟರೆ ಅದೂ ಲೆಕ್ಕಕ್ಕೆ. ಜ್ವರ ಬಂದು ಮಲಗಿದರೆ ಹಾಜರಿಯಿಲ್ಲ, ಊಟದ ಸಾಲ ಮಾತ್ರ ಉಂಟು. ಹಂಗಾಮು ಮುಗಿಯುವಾಗ ಲೆಕ್ಕ ನೋಡಿದರೆ ಮುಂಗಡ ತೀರಿರುವುದಿಲ್ಲ. ಮುಂದಿನ ವರ್ಷಕ್ಕೆ ಮತ್ತೆ ಅವನೇ ಆಳು.

ಇಷ್ಟಾದರೆ ಅದು ಸಾಲದ ಕಷ್ಟ. ಅದನ್ನು ಸೆರೆಮನೆಯ ವಿಷಯ ಮಾಡಿದ್ದು ೧೮೫೯ ರ ೧೩ ನೆಯ ಕಾಯ್ದೆ, ಕೆಲಸಗಾರರ ಕರಾರುಭಂಗ ಕಾಯ್ದೆ. ಮುಂಗಡ ಪಡೆದವನು ಕೆಲಸಕ್ಕೆ ಬಾರದಿದ್ದರೆ, ಅಥವಾ ನಡುವೆ ಬಿಟ್ಟು ಹೋದರೆ, ಮ್ಯಾಜಿಸ್ಟ್ರೇಟನು ಅವನನ್ನು ಹಿಡಿತರಿಸಿ ಕೆಲಸ ಮಾಡೆಂದು ಹುಕುಂ ಕೊಡಬಹುದು. ಒಪ್ಪದಿದ್ದರೆ ಮೂರು ತಿಂಗಳವರೆಗೆ ಕಠಿಣ ಸಜೆ. ವ್ಯಾಪಾರಸ್ಥರೆ, ನೀವು ಈ ಅನ್ಯಾಯವನ್ನು ಬೇಗ ತಿಳಿಯಬಲ್ಲಿರಿ. ನಿಮಗೆ ಯಾರಾದರೂ ಬಾಕಿ ಕೊಡದಿದ್ದರೆ ನೀವು ಸಿವಿಲ್ ಕೋರ್ಟಿಗೆ ಹೋಗಬೇಕು. ಸ್ಟಾಂಪು, ವಕೀಲ, ವಾಯಿದೆ, ವರ್ಷಗಟ್ಟಲೆ ಅಲೆದಾಟ. ಪ್ಲಾಂಟರನ ಬಾಕಿಗೆ ಮಾತ್ರ ಪೊಲೀಸು. ದೊರೆ ಕೂಲಿ ಕೊಡದೆ ಕರಾರು ಮುರಿದರೆ ಅವನಿಗೆ ಆ ಕಾಯ್ದೆಯಲ್ಲಿ ಸೆರೆಯಿಲ್ಲ. ಒಂದೇ ಕರಾರು, ಅದರಲ್ಲಿ ಒಂದು ಕಡೆಯವನಿಗೆ ಮಾತ್ರ ಕೋಳ.

ಮೊದಲು ಕಲ್ಕತ್ತ, ಮದರಾಸು, ಮುಂಬಯಿ ನಗರಗಳಿಗೆಂದು ಬಂದ ಕಾಯ್ದೆ ತೋಟದ ಸೀಮೆಗಳಿಗೆಲ್ಲ ಹರಡಿತು. ಮೈಸೂರು, ಕೊಡಗುಗಳಲ್ಲಿಯೂ ಜಾರಿಗೆ ಬಂತು. ಮದರಾಸು ಸರ್ಕಾರ ೧೯೦೩ ರಲ್ಲಿ ಪ್ಲಾಂಟರಿಗಾಗಿ ಬೇರೆ ಕಾಯ್ದೆಯನ್ನೇ ಮಾಡಿತು. ೧೮೫೯ ರ ಕಾಯ್ದೆ ರದ್ದಾದದ್ದು ೧೯೨೫ ರ ಶಾಸನದಿಂದ. ಅಷ್ಟರಲ್ಲಿ ಮೂರು ತಲೆಮಾರುಗಳು ಕಳೆದಿದ್ದವು.

ಬರವೇ ದೊಡ್ಡ ಮೇಸ್ತ್ರಿ

ಬಯಲುಸೀಮೆಯವರನ್ನು ಘಾಟಿ ಹತ್ತಿಸಿದ ದೊಡ್ಡ ಮೇಸ್ತ್ರಿ ಬರಗಾಲ. ೧೮೭೬ ರಿಂದ ೧೮೭೮ ರವರೆಗಿನ ಬರವನ್ನು ನಮ್ಮ ಹಿರಿಯರು ಹೇಳುತ್ತಿದ್ದರು. ಮೈಸೂರು ಸಂಸ್ಥಾನದ ಜನಸಂಖ್ಯೆ ೧೮೭೧ ರಲ್ಲಿ ೫೦ ಲಕ್ಷ ೫೫ ಸಾವಿರ. ೧೮೮೧ ರಲ್ಲಿ ೪೧ ಲಕ್ಷ ೮೬ ಸಾವಿರ. ಹತ್ತು ವರ್ಷದಲ್ಲಿ ಬೆಳೆಯಬೇಕಾದ ಜನ ಬೆಳೆಯಲಿಲ್ಲ. ಇದ್ದವರಲ್ಲಿಯೇ ಸುಮಾರು ೮ ಲಕ್ಷ ೭೦ ಸಾವಿರ ಕಡಿಮೆಯಾದರು. ಮಳೆಯಿರುವ ಮಲೆನಾಡು ಉಳಿದೀತೆಂದು ಒಣಭೂಮಿಯ ಜನ ಪಶ್ಚಿಮಕ್ಕೆ ನಡೆದರು. ಹಸಿದವನು ಕೂಲಿಯ ದರವನ್ನು ಚರ್ಚಿಸುವುದಿಲ್ಲ.

ನಮ್ಮ ತಾಂಡಾಗಳ ಕತೆಯೂ ಇಲ್ಲಿ ಸೇರುತ್ತದೆ. ಸೇವಾಲಾಲರ ಊರೆಂದು ದೇಶದ ಲಂಬಾಣಿಗಳೆಲ್ಲ ಬಂದು ಕೈಮುಗಿಯುವ ಸೂರಗೊಂಡನಕೊಪ್ಪ ಇರುವುದು ಈ ನ್ಯಾಮತಿ ತಾಲ್ಲೂಕಿನಲ್ಲಿಯೇ. ಲಂಬಾಣಿಗಳು ಮೊದಲು ಕೂಲಿಗಳಾಗಿರಲಿಲ್ಲ. ಸಾಗಣೆಯ ವರ್ತಕರಾಗಿದ್ದರು. ಎತ್ತಿನ ಹಿಂಡುಗಳ ಬೆನ್ನ ಮೇಲೆ ಕರಾವಳಿಯ ಉಪ್ಪನ್ನು ಮೇಲಕ್ಕೂ ಬಯಲಿನ ದವಸವನ್ನು ಕೆಳಕ್ಕೂ ಸಾಗಿಸುತ್ತಿದ್ದರು. ಘಾಟಿಗಳಿಗೆ ಗಾಡಿ ರಸ್ತೆ ಬಂತು. ೧೮೮೯ ರಲ್ಲಿ ಹರಿಹರದವರೆಗೆ ರೈಲು ಬಂತು. ಕಾಫಿಗೂ ಹತ್ತಿಗೂ ಬಂದರಿನ ದಾರಿ ಸಲೀಸಾಯಿತು. ಹೇರೆತ್ತುಗಳಿಗೆ ಕೆಲಸ ಹೋಯಿತು. ವ್ಯಾಪಾರ ಕಳೆದುಕೊಂಡವರಿಗೆ ಯಾರೂ ನೆಲ ಕೊಡಲಿಲ್ಲ. ಒಂದು ಕಾಲಕ್ಕೆ ಸರಕು ಹೊತ್ತವರ ಮೊಮ್ಮಕ್ಕಳು ಮೇಸ್ತ್ರಿಯ ಲಾರಿಯಲ್ಲಿ ತಾವೇ ಸರಕಾದರು.

ಸಾಹೇಬ ಹೋದ, ಕಂಪೆನಿ ಬಂತು

ಒಡೆಯರ ಸಂಪತ್ತು ಎಂದೂ ಕರಗದ ಗುಡ್ಡವಾಗಿತ್ತೆಂದು ತಿಳಿಯಬೇಡಿರಿ. ೧೮೬೦ ರ ದಶಕದ ಕೊನೆಯಲ್ಲಿ ಕಾಂಡ ಕೊರೆಯುವ ಹುಳು ಮೈಸೂರು, ಕೊಡಗುಗಳ ಕಾಫಿಯನ್ನು ತಿಂದಿತು. ಮೈಸೂರಿನ ಹಳೆಯ ‘ಚಿಕ್’ ತಳಿ ಅಳಿದು ಕೊಡಗಿನ ತಳಿಯನ್ನು ನೆಡಬೇಕಾಯಿತು. ೧೮೬೯ ರಲ್ಲಿ ಸಿಂಹಳದಲ್ಲಿ ಎಲೆ ರೋಗ ಕಾಣಿಸಿಕೊಂಡು ಅಲ್ಲಿಯ ಕಾಫಿಯನ್ನು ಮುಗಿಸಿಯೇಬಿಟ್ಟಿತು. ಸಿಂಹಳ ಟೀಗೆ ತಿರುಗಿದ್ದು ಆಮೇಲೆ. ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಬ್ರೆಜಿಲ್ ದೇಶದ ಕಾಫಿ ಜಗತ್ತಿನ ಪೇಟೆಯನ್ನೆಲ್ಲ ತುಂಬಿ ಬೆಲೆ ಕುಸಿಯಿತು.

ಇಂಥ ಪ್ರತಿಯೊಂದು ಏಟಿಗೂ ಒಂಟಿ ಪ್ಲಾಂಟರು ಬಿದ್ದರು. ತೋಟಗಳು ಸಾಲ ಕೊಟ್ಟ ಏಜೆನ್ಸಿ ಮನೆಗಳ ಪಾಲಾದವು. ಕೊಡಗಿನಲ್ಲಿ ಲಂಡನ್ನಿನ ಮ್ಯಾಥೆಸನ್ ಕಂಪೆನಿಯ ತೋಟಗಳು ಬೆಳೆದವು. ಕೊಯ್ದ ಕಾಫಿಯನ್ನು ಹದಮಾಡಿ ಹಡಗಿಗೆ ಹಾಕುವ ವ್ಯವಹಾರ ಮಂಗಳೂರು, ಕಲ್ಲಿಕೋಟೆಗಳಲ್ಲಿ ಪಿಯರ್ಸ್ ಲೆಸ್ಲಿಯಂಥ ಕೊಠಿಗಳ ಕೈಯಲ್ಲಿತ್ತು. ೧೯೨೨ ರಲ್ಲಿ ಕನ್ಸಾಲಿಡೇಟೆಡ್ ಕಾಫಿ ಎಸ್ಟೇಟ್ಸ್ ಎಂಬ ದೊಡ್ಡ ಕಂಪೆನಿ ಆಯಿತು. ಪಾಲಿಬೆಟ್ಟ ಅದರ ನೆಲೆ. ೧೯೪೩ ರಲ್ಲಿ ಅದು ಹಿಂದೂಸ್ಥಾನದ ಕಂಪೆನಿಯಾಗಿ ನೋಂದಣಿಯಾಯಿತು, ಮುಂದೆ ಟಾಟಾ ಸಂಸ್ಥೆಯ ಕೈಸೇರಿತು.

೧೯೨೯ ರ ಮುಗ್ಗಟ್ಟಿನ ನಂತರ ಬ್ರೆಜಿಲ್ ಸರ್ಕಾರ ಏನು ಮಾಡಿತೆಂದು ಬಲ್ಲಿರಾ? ಬೆಲೆ ಏರಿಸಲೆಂದು ೧೯೩೧ ರಿಂದ ೧೯೪೪ ರವರೆಗೆ ಸುಮಾರು ೭ ಕೋಟಿ ೮೦ ಲಕ್ಷ ಮೂಟೆ ಕಾಫಿಯನ್ನು ಸುಟ್ಟು, ಸಮುದ್ರಕ್ಕೆ ಸುರಿದು ನಾಶಮಾಡಿತು. ಕುಯ್ದವರಿಗೆ ಹೊಟ್ಟೆಗಿಲ್ಲ, ಕುಡಿಯುವವರಿಗೆ ಕೊಳ್ಳಲು ಕಾಸಿಲ್ಲ, ಮೂಟೆಗೆ ಮಾತ್ರ ಬೆಂಕಿ. ಲಾಭಕ್ಕಾಗಿ ಬೆಳೆಯುವ ಪದ್ಧತಿಯ ನ್ಯಾಯವನ್ನು ತಿಳಿಯಬೇಕಾದರೆ ಆ ಬೆಂಕಿಯೊಂದೇ ಸಾಕು.

ನಮ್ಮಲ್ಲಿ ಅದೇ ಮುಗ್ಗಟ್ಟು ೧೯೩೫ ರ ಕಾಫಿ ಸೆಸ್ ಕಾಯ್ದೆಗೆ ದಾರಿಮಾಡಿತು. ಯುದ್ಧದಲ್ಲಿ ಯೂರೋಪಿನ ಪೇಟೆ ಮುಚ್ಚಿಹೋದಾಗ ಪ್ಲಾಂಟರು ಸರ್ಕಾರದ ಬಾಗಿಲಿಗೆ ಓಡಿದರು. ೧೯೪೦ ರ ಸುಗ್ರೀವಾಜ್ಞೆ, ೧೯೪೨ ರ ಕಾಫಿ ಕಾಯ್ದೆ ಬಂದವು. ಎಲ್ಲರ ಕಾಫಿಯೂ ಒಂದು ಕಣಜಕ್ಕೆ ಸೇರಿ ಮಂಡಳಿಯ ಮೂಲಕ ಮಾರಾಟವಾಗುವ ಏರ್ಪಾಡಾಯಿತು. ವ್ಯಾಪಾರದಲ್ಲಿ ಸರ್ಕಾರ ಕೈಹಾಕಬಾರದೆಂದು ಸದಾ ಉಪದೇಶಿಸುವವರು ತಮಗೆ ನಷ್ಟ ಬಂದಾಗ ಸರ್ಕಾರದ ಕೈಯನ್ನು ಹೇಗೆ ಹಿಡಿದುಕೊಂಡರೆಂಬುದನ್ನು ನೋಡಿರಿ. ಬೆಲೆ ಏರಿದ ಕಾಲದಲ್ಲಿ, ೧೯೯೦ ರ ದಶಕದಲ್ಲಿ, ಆ ಕಣಜವನ್ನು ಹಂತ ಹಂತವಾಗಿ ಬಿಚ್ಚಲಾಯಿತು.

ಎಲಿಯಟನ ಕಾಲದಿಂದಲೇ ನಮ್ಮವರೂ ತೋಟ ಮಾಡಿದ್ದರು. ಗೌಡರು, ಕೊಡವರು, ಲಿಂಗಾಯತರು, ಮಂಗಳೂರಿನ ಕ್ರೈಸ್ತರು ಬೆಳೆಗಾರರಾದರು. ೧೯೪೭ ರ ನಂತರ ಒಬ್ಬೊಬ್ಬರಾಗಿ ಸಾಹೇಬರು ತೋಟ ಮಾರಿ ಹಡಗು ಹತ್ತಿದರು. ಬಂಗಲೆಯಲ್ಲಿ ಕೂತವರ ಬಣ್ಣ ಬದಲಾಯಿತು. ಲೈನಿನಲ್ಲಿ ಮಲಗಿದವರ ಜಾತಿ ಬದಲಾಗಲಿಲ್ಲ.

ಟೀ ತೋಟದವರು ಹೇಳುವ ಪಾಠ

ಈಗ ಟೀ ತೋಟದ ಎರಡು ಸಂಗತಿ ಹೇಳಿಬಿಡುತ್ತೇನೆ. ಅಸ್ಸಾಮ್ ಕಂಪೆನಿ ಹುಟ್ಟಿದ್ದು ೧೮೩೯ ರಲ್ಲಿ. ಅಲ್ಲಿ ಟೀ ತೋಟ ಮಾಡಿದ ಮೊದಲ ಹಿಂದೂಸ್ಥಾನೀಯ ಮಣಿರಾಮ್ ದಿವಾನ್. ಅವನು ೧೮೫೭ ರ ದಂಗೆಯಲ್ಲಿ ಸೇರಿದನೆಂದು ೧೮೫೮ ರಲ್ಲಿ ಗಲ್ಲಿಗೇರಿಸಿದರು. ಛೋಟಾನಾಗಪುರ, ಒರಿಸ್ಸಾ, ಸಂಯುಕ್ತ ಪ್ರಾಂತಗಳಿಂದ ಸಾಗಿಸಿದ ಕೂಲಿಗಳು ಓಡಿಹೋದರೆ ಅವರನ್ನು ವಾರಂಟಿಲ್ಲದೆ ಹಿಡಿಯುವ ಅಧಿಕಾರ ೧೮೬೫ ರಿಂದ ಅಲ್ಲಿಯ ಪ್ಲಾಂಟರಿಗಿತ್ತು.

೧೯೨೧ ರ ಮೇ ತಿಂಗಳಲ್ಲಿ ಚರಗೋಲಾ ಕಣಿವೆಯ ಸಾವಿರಾರು ಕೂಲಿಗಳು, ಹೆಂಗಸರು ಮಕ್ಕಳೊಡನೆ, ಗಾಂಧಿಯ ಹೆಸರು ಹೇಳಿ ತೋಟ ಬಿಟ್ಟು ಊರಿಗೆ ಹೊರಟರು. ಚಾಂದಪುರದ ರೈಲು ನಿಲ್ದಾಣದಲ್ಲಿ ಮೇ ೨೦ ರ ರಾತ್ರಿ ಮಲಗಿದ್ದವರ ಮೇಲೆ ಗೂರ್ಖಾ ಸಿಪಾಯಿಗಳನ್ನು ಬಿಟ್ಟರು. ಮುಂದೆ ನಡೆದದ್ದನ್ನು ಗಿರಣಿಯವರು ಕಿವಿಗೊಟ್ಟು ಕೇಳಬೇಕು. ಅಸ್ಸಾಮ್ ಬೆಂಗಾಲ್ ರೈಲ್ವೆಯ ನೌಕರರು ಕೆಲಸ ನಿಲ್ಲಿಸಿದರು. ಸ್ಟೀಮರಿನವರು ಕೆಲಸ ನಿಲ್ಲಿಸಿದರು. ಅವರಿಗೆ ಟೀ ತೋಟದಲ್ಲಿ ಬಂಧುಗಳಿರಲಿಲ್ಲ, ಭಾಷೆಯೂ ಒಂದಲ್ಲ. ದುಡಿಯುವವನ ನಂಟು ಒಂದೇ ಸಾಕಾಯಿತು.

ಎರಡನೆಯದು ಸಿಂಹಳದ್ದು. ತಮಿಳುನಾಡಿನಿಂದ ಹೋಗಿ ಮೂರು ತಲೆಮಾರು ಟೀ ಚಿಗುರು ಚಿವುಟಿದವರಿಗೆ ೧೯೪೮ ರ ಪೌರತ್ವ ಕಾಯ್ದೆ ನೀವು ಈ ದೇಶದವರಲ್ಲ ಎಂದಿತು. ೧೯೬೪ ರ ಶಾಸ್ತ್ರಿ ಸಿರಿಮಾವೋ ಒಪ್ಪಂದದಲ್ಲಿ ೫ ಲಕ್ಷ ೨೫ ಸಾವಿರ ಜನರನ್ನು ಭಾರತಕ್ಕೆ, ೩ ಲಕ್ಷ ಜನರನ್ನು ಸಿಂಹಳಕ್ಕೆ ಎಂದು ಹಂಚಿಕೊಂಡರು. ಹಾಗೆ ಬಂದವರಲ್ಲಿ ಕೆಲವರು ನಮ್ಮ ಸುಳ್ಯ, ಪುತ್ತೂರುಗಳ ರಬ್ಬರು ತೋಟಗಳಲ್ಲಿ ನೆಲೆಗೊಂಡಿದ್ದಾರೆ. ತೋಟಕ್ಕೆ ಬೇಕಾದದ್ದು ಕೈಗಳು. ಆ ಕೈಗಳ ಹಿಂದೆ ಒಬ್ಬ ಪ್ರಜೆ ಇದ್ದಾನೆಂದು ಒಪ್ಪಬೇಕಾದರೆ ಹೋರಾಡಬೇಕಾಯಿತು.

ಕಾಯ್ದೆ ಬಂತು, ಎಲ್ಲಿಯವರೆಗೆ ಬಂತು?

ಸ್ವತಂತ್ರ ಭಾರತ ೧೯೫೧ ರಲ್ಲಿ ಪ್ಲಾಂಟೇಷನ್ ಕಾರ್ಮಿಕ ಕಾಯ್ದೆ ಮಾಡಿತು. ಮನೆ, ಕುಡಿಯುವ ನೀರು, ವೈದ್ಯ, ಐವತ್ತು ಹೆಂಗಸರಿದ್ದಲ್ಲಿ ಕೂಸಿನ ಮನೆ, ಮಕ್ಕಳಿದ್ದಲ್ಲಿ ಶಾಲೆ, ಸಂಬಳ ಸಹಿತ ರಜೆ, ಇವು ದೊರೆಯ ದಯೆಯಲ್ಲ, ಹಕ್ಕು ಎಂದಾಯಿತು. ಇದು ಸಣ್ಣ ಜಯವಲ್ಲ. ೧೯೮೧ ರ ತಿದ್ದುಪಡಿ ಅದನ್ನು ೫ ಹೆಕ್ಟೇರು, ೧೫ ಕೆಲಸಗಾರರಿರುವ ತೋಟದವರೆಗೆ ಇಳಿಸಿತು. ೨೦೨೦ ರ ಕಾರ್ಮಿಕ ಸಂಹಿತೆಯಲ್ಲಿ ಆ ಕಾಯ್ದೆಯನ್ನು ವಿಲೀನ ಮಾಡಲಾಗಿದೆ.

ಕಾಫಿ ಮಂಡಳಿಯ ಕಾಫಿ ಮನೆಗಳನ್ನು ೧೯೫೦ ರ ದಶಕದಲ್ಲಿ ಮುಚ್ಚಲು ಹೊರಟಾಗ ಕೆಲಸ ಕಳೆದುಕೊಂಡ ಸರ್ವರುಗಳು, ಅಡಿಗೆಯವರು ಬೀದಿಗೆ ಬೀಳಲಿಲ್ಲ. ಎ. ಕೆ. ಗೋಪಾಲನ್ ಅವರ ಸಲಹೆಯಂತೆ ಸಹಕಾರ ಸಂಘ ಕಟ್ಟಿಕೊಂಡು ತಾವೇ ಒಡೆಯರಾದರು. ಅಂಥ ಮೊದಲ ಸಂಘ ೧೯೫೭ ರಲ್ಲಿ ಬೆಂಗಳೂರಿನಲ್ಲಿ ಆಯಿತು. ಒಡೆಯರಿಲ್ಲದೆ ಕೆಲಸ ನಡೆಯದು ಎನ್ನುವವರಿಗೆ ಅಲ್ಲಿಯ ಒಂದು ಲೋಟ ಕಾಫಿ ಉತ್ತರ ಹೇಳುತ್ತದೆ.

ಆದರೆ ಎರಡು ಬಾಗಿಲುಗಳು ಮುಚ್ಚಿಯೇ ಉಳಿದವು. ಒಂದು, ಭೂಮಿಯ ಬಾಗಿಲು. ೧೯೭೪ ರ ಭೂಸುಧಾರಣೆ ಗೇಣಿದಾರನನ್ನು ಗದ್ದೆಯ ಒಡೆಯನನ್ನಾಗಿ ಮಾಡಿತು. ಅದು ನಮ್ಮ ನಾಡಿನ ದೊಡ್ಡ ಕೆಲಸ. ಅದೇ ಕಾಯ್ದೆಯ ೧೦೪ ನೆಯ ಕಲಮು ಕಾಫಿ, ಟೀ, ರಬ್ಬರು, ಮೆಣಸು, ಏಲಕ್ಕಿಯ ತೋಟಗಳನ್ನು ಭೂಮಿತಿಯಿಂದ ಹೊರಗಿಟ್ಟಿತು. ನಾಲ್ಕು ತಲೆಮಾರು ಒಂದೇ ತೋಟದಲ್ಲಿ ದುಡಿದವನಿಗೆ ತಾನು ಮಲಗುವ ಲೈನು ಮನೆಯ ಅಡಿ ನೆಲವೂ ಬರಲಿಲ್ಲ. ಕೆಲಸ ಬಿಟ್ಟ ದಿನ ಮನೆಯನ್ನೂ ಬಿಡಬೇಕು.

ಎರಡು, ಹಂಗಾಮಿನ ಕೂಲಿಯ ಬಾಗಿಲು. ಕಾನೂನು ಹೆಚ್ಚಾಗಿ ನೋಡುವುದು ಹಾಜರಿ ಪುಸ್ತಕದ ಕಾಯಂ ಕೆಲಸಗಾರನನ್ನು. ಇಂದು ಕಾಫಿ ಬೆಳೆಗಾರರಲ್ಲಿ ನೂರಕ್ಕೆ ತೊಂಬತ್ತೆಂಟಕ್ಕೂ ಮಿಕ್ಕಿ ಸಣ್ಣ ಹಿಡುವಳಿದಾರರು. ಅವರನ್ನು ದೊರೆಗಳೆನ್ನಲು ನಾನು ಸಿದ್ಧನಿಲ್ಲ. ಅವರಲ್ಲಿ ಬಹಳ ಜನ ತಾವೂ ಸಾಲದಲ್ಲಿದ್ದಾರೆ. ಆದರೂ ಮೂರು ತಿಂಗಳಿಗೆಂದು ಮೇಸ್ತ್ರಿಯ ಮೂಲಕ ಬಂದ ಜಗಳೂರಿನ ಹೆಂಗಸಿನ ಹೆಸರು ಯಾವ ತೋಟದ ಪುಸ್ತಕದಲ್ಲಿದೆ? ಗಿಡದ ಕೆಳಗೆ ಹಾವು ಕಚ್ಚಿದರೆ, ಲಾರಿ ಘಾಟಿಯಲ್ಲಿ ಮಗುಚಿದರೆ, ಪರಿಹಾರ ಕೊಡಬೇಕಾದವನು ತೋಟದವನೋ ಮೇಸ್ತ್ರಿಯೋ ಎಂಬ ಜಗಳದಲ್ಲೇ ವರ್ಷ ಕಳೆಯುತ್ತದೆ. ಹೊರರಾಜ್ಯಕ್ಕೆ ಹೋಗುವ ಕೂಲಿಗೆಂದು ೧೯೭೯ ರಲ್ಲಿ ಒಂದು ಕಾಯ್ದೆ ಬಂತು. ನಮ್ಮವರು ದಾಟುವುದು ಜಿಲ್ಲೆಯ ಗಡಿ, ರಾಜ್ಯದ್ದಲ್ಲ. ಹಾಗಾಗಿ ಆ ಕಾಯ್ದೆ ಅವರಿಗೆ ತಾಕಲಿಲ್ಲ.

ಈಗ ಕೊಡಗು, ಚಿಕ್ಕಮಗಳೂರುಗಳ ತೋಟಗಳಿಗೆ ಅಸ್ಸಾಮ್, ಬಂಗಾಳಗಳ ಕಡೆಯಿಂದಲೂ ಜನ ಬರುತ್ತಿದ್ದಾರೆ. ಒಂದು ಕಾಲಕ್ಕೆ ದೇಶದ ಬಡವರನ್ನೆಲ್ಲ ಎಳೆದುಕೊಂಡ ಅಸ್ಸಾಮೇ ಇಂದು ಕೂಲಿ ಕಳಿಸುತ್ತಿದೆ. ‘ಅವರು ಬಂದು ನಮ್ಮ ಕೂಲಿ ಇಳಿಸಿದರು’ ಎಂದು ನಮ್ಮವರು ಗೊಣಗುವುದನ್ನು ಕೇಳಿದ್ದೇನೆ. ಗೆಳೆಯರೆ, ಕೂಲಿ ಇಳಿಸುವವನು ಹಸಿದು ಬಂದವನಲ್ಲ, ಹಸಿದವನಿಗೆ ಕಡಿಮೆ ಕೊಡುವವನು. ನಮ್ಮ ಅಜ್ಜಂದಿರು ಘಾಟಿ ಹತ್ತಿದಾಗ ಅಲ್ಲಿಯ ಆಳುಗಳೂ ಇದೇ ಮಾತನ್ನು ಆಡಿರಬೇಕು.

ನಮ್ಮ ಕೆಲಸ

ಚರಿತ್ರೆ ಕೇಳಿ ನಿಟ್ಟುಸಿರು ಬಿಟ್ಟು ಮನೆಗೆ ಹೋಗುವುದಕ್ಕೆ ನಾವು ಇಲ್ಲಿ ಸೇರಿಲ್ಲ. ಮಾಡಬಹುದಾದ ಕೆಲಸಗಳಿವೆ.

ತಾಂಡಾ, ಕೇರಿಗಳಿಂದ ಯಾರು, ಯಾವ ಮೇಸ್ತ್ರಿಯೊಡನೆ, ಯಾವ ತೋಟಕ್ಕೆ, ಎಷ್ಟು ಮುಂಗಡಕ್ಕೆ ಹೋದರೆಂಬ ಪಟ್ಟಿ ಹೊರಡುವ ಮುನ್ನವೇ ಗ್ರಾಮ ಪಂಚಾಯತಿಯಲ್ಲಿರಲಿ. ಒಂದು ನೋಟುಬುಕ್ಕು ಸಾಕು. ಕೂಲಿಯ ದರ ಬರವಣಿಗೆಯಲ್ಲಿರಲಿ. ಕಿಲೋ ಲೆಕ್ಕದಲ್ಲಿ ಕುಯ್ಯುವವರ ಎದುರಿಗೇ ತಕ್ಕಡಿ ತೂಗಲಿ.

ಮುಂಗಡಕ್ಕಾಗಿ ಯಾರನ್ನೂ ತಡೆದಿಡುವಂತಿಲ್ಲ ಎಂಬುದು ೧೯೭೬ ರ ಜೀತಪದ್ಧತಿ ರದ್ದು ಕಾಯ್ದೆಯಿಂದ ದೇಶದ ಕಾನೂನು. ಇದನ್ನು ಪ್ರತಿ ತಾಂಡಾದ ಹೆಣ್ಣುಮಗಳಿಗೂ ತಿಳಿಸಿರಿ. ೧೮೫೯ ರ ಕಾಯ್ದೆ ಸತ್ತು ನೂರು ವರ್ಷ ಸಮೀಪಿಸಿದರೂ ಅದರ ಭಯ ಬದುಕಿದೆ. ಪೊಲೀಸಿನವರನ್ನು ಕರೆಸುತ್ತೇನೆಂದು ಮೇಸ್ತ್ರಿ ಈಗಲೂ ಹೆದರಿಸುತ್ತಾನೆ.

ಮಕ್ಕಳು ಶಾಲೆ ಬಿಟ್ಟು ತೋಟಕ್ಕೆ ಹೋಗುವುದನ್ನು ನಿಲ್ಲಿಸಬೇಕು. ತಂದೆತಾಯಿ ಗುಳೆ ಹೋದ ತಿಂಗಳುಗಳಲ್ಲಿ ಮಕ್ಕಳು ಊರಲ್ಲೇ ಉಂಡು ಕಲಿಯುವ ಹಂಗಾಮಿ ವಸತಿ ಶಾಲೆಗೆ ಸರ್ಕಾರದಲ್ಲಿ ಅವಕಾಶವುಂಟು. ಕೇಳುವವರಿಲ್ಲದೆ ಅದು ಕಾಗದದಲ್ಲಿ ಉಳಿಯಬಾರದು. ನವೆಂಬರಿಗೆ ಮುಂಚೆ ಕೇಳಿರಿ. ಜನವರಿಯಲ್ಲಿ ಕೇಳಿದರೆ ಹಣ್ಣೂ ಮುಗಿದಿರುತ್ತದೆ, ಹುಡುಗನ ವರ್ಷವೂ ಮುಗಿದಿರುತ್ತದೆ.

ಅಂಗಡಿಯವರಿಗೊಂದು ಮಾತು. ಬಡವನ ಬಾಕಿ ಮೇಸ್ತ್ರಿಯ ಮುಂಗಡದಿಂದ ತೀರುತ್ತದೆಂದು ನೀವು ಸಮಾಧಾನ ಪಡುವಿರಿ. ಆದರೆ ಗಿರಾಕಿ ನಾಲ್ಕು ತಿಂಗಳು ಊರಲ್ಲಿಲ್ಲ. ಅವನ ಕೂಲಿಯ ದುಡ್ಡು ಮಲೆನಾಡಿನ ಅಂಗಡಿಗಳಲ್ಲಿ ಖರ್ಚಾಗುತ್ತದೆ. ಜಗಳೂರಿನ ಕೆರೆಗೆ ನೀರು ಬಂದರೆ, ಹೊಲದಲ್ಲಿ ಎರಡನೆಯ ಬೆಳೆ ನಿಂತರೆ, ತುಂಬುವುದು ನಿಮ್ಮ ಗಲ್ಲಾವೂ ಹೌದು. ಆದುದರಿಂದ ನೀರಿನ ಹೋರಾಟ ರೈತನದು ಮಾತ್ರ ಎಂದುಕೊಂಡು ಬಾಗಿಲು ಮುಚ್ಚಿ ಕೂರಬೇಡಿರಿ.

ಗಿರಣಿಯ ಗೆಳೆಯರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. ನಿಮಗೆ ಯೂನಿಯನ್ನಿನ ಅನುಭವವಿದೆ. ಹಾಜರಿ, ಬೋನಸ್ಸು, ಪ್ರಾವಿಡೆಂಟ್ ಫಂಡು ಎಂದರೇನೆಂದು ಗೊತ್ತಿದೆ. ಗಿರಣಿ ಬಾಗಿಲು ಹಾಕಿದರೆ ಏನಾಗುತ್ತದೆಂಬುದನ್ನೂ ದಾವಣಗೆರೆ ಕಂಡಿದೆ. ತೋಟಕ್ಕೆ ಹೋಗುವವರು ನಿಮ್ಮ ಅಕ್ಕತಂಗಿಯರು, ದಾಯಾದಿಗಳು. ಲಾರಿ ಹತ್ತುವ ಮುನ್ನ ಅವರ ಜೊತೆ ಒಂದು ಸಂಜೆ ಕೂತು ಲೆಕ್ಕ ಬರೆದುಕೊಡಿರಿ. ಚಾಂದಪುರದ ರೈಲ್ವೆಯವರು ೧೯೨೧ ರಲ್ಲಿ ಮಾಡಿದ್ದಕ್ಕೆ ಹೋಲಿಸಿದರೆ ಇದು ಚಿಕ್ಕ ಕೆಲಸ. ಈ ಹಂಗಾಮಿಗೇ ಅದನ್ನು ಆರಂಭಿಸೋಣ.